ಮಣ್ಣು ಸಿಗದ ಕೆಂಟಕಿಯ ಮಕ್ಕಳು

ಪರದೇಶದಲ್ಲಿ ದುಡಿಯುವವರ ಮನೆಗಳಲ್ಲಿ ಎಲ್ಲರ ಮನಸ್ಸಿನಲ್ಲೂ ಇದ್ದು ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯೊಂದಿದೆ. ಅಲ್ಲೇ ಏನಾದರೂ ಹೆಚ್ಚುಕಮ್ಮಿಯಾದರೆ ದೇಹ ಊರಿಗೆ ಬರುತ್ತದೆಯೇ? ಒಂದು ಹಿಡಿ ಮಣ್ಣು ಹಾಕುವವರು ಯಾರಾದರೂ ಇರುತ್ತಾರೆಯೇ? ನಾವಿರುವ ವೆಸ್ಟ್ ಬ್ಲೂಮ್‌ಫೀಲ್ಡ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಮನ್ರೋ ಎಂಬ ಊರು ಸಿಗುತ್ತದೆ. ಈ ಪ್ರಶ್ನೆಗೆ 200 ವರ್ಷಗಳ ಹಿಂದೆ ಸಿಕ್ಕ ಉತ್ತರ ಅಲ್ಲಿನ ನೆಲದಲ್ಲಿದೆ. ಏಪ್ರಿಲ್ 15ರ ತೆರಿಗೆ ಗಡುವು ಮುಗಿದ ಮೇಲೆ ನಮ್ಮಂಥ ಲೆಕ್ಕ ಬರೆಯುವವರಿಗೆ ಸ್ವಲ್ಪ ಉಸಿರಾಡಲು ಪುರುಸೊತ್ತು. ಅಂಥ ಒಂದು ಶನಿವಾರ ಮೂರು ಕನ್ನಡ ಕುಟುಂಬಗಳು ಸೇರಿ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು.

ಊರಿನ ನಡುವೆ ಹರಿಯುವುದು ರೇಸಿನ್ ನದಿ. ದಡದ ತುಂಬ ಕಾಡುದ್ರಾಕ್ಷಿ ಇತ್ತಂತೆ. ಮೊದಲು ಬಂದು ನೆಲೆಸಿದ ಫ್ರೆಂಚರು ಅದಕ್ಕೇ ದ್ರಾಕ್ಷಿ ನದಿ ಎಂದು ಹೆಸರಿಟ್ಟರು. ಆಗ ಊರಿನ ಹೆಸರು ಫ್ರೆಂಚ್‌ಟೌನ್. ನದಿಯ ಉತ್ತರ ದಡದಲ್ಲಿ ಈಗ ರಾಷ್ಟ್ರೀಯ ರಣಭೂಮಿ ಉದ್ಯಾನವಿದೆ. ಈ ಜಾಗದಲ್ಲಿ ಬಹುಕಾಲ ಕಾಗದದ ಕಾರ್ಖಾನೆ ನಡೆಯುತ್ತಿತ್ತು. 2009ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಇದನ್ನು ಉದ್ಯಾನವೆಂದು ಘೋಷಿಸಿತು. ಹೋದವರಿಗೆ ಕಾಣುವುದು ಹುಲ್ಲುಬಯಲು, ಕೆಲವು ಫಲಕಗಳು ಅಷ್ಟೇ. ಮಕ್ಕಳಿಗೆ ಹತ್ತೇ ನಿಮಿಷದಲ್ಲಿ ಬೇಸರ ಬಂತು.

1812ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ ಹತ್ತಿತು. ಆ ವರ್ಷ ಆಗಸ್ಟ್ 16ರಂದು ಡೆಟ್ರಾಯಿಟ್ ಕೋಟೆ ಬ್ರಿಟಿಷರಿಗೆ ಶರಣಾಯಿತು. ಅದನ್ನು ಮರಳಿ ಪಡೆಯಲು ಬಂದವರಲ್ಲಿ ಹೆಚ್ಚಿನವರು ಕೆಂಟಕಿ ರಾಜ್ಯದ ಸ್ವಯಂಸೇವಕರು, ರೈತರ ಮನೆಯ ಹುಡುಗರು. 1813ರ ಜನವರಿ 18ರಂದು ಅವರು ಫ್ರೆಂಚ್‌ಟೌನ್ ಗೆದ್ದರು. ನಾಲ್ಕು ದಿನ ಕಳೆದು, 22ರ ನಸುಕಿನಲ್ಲಿ ಕರ್ನಲ್ ಹೆನ್ರಿ ಪ್ರಾಕ್ಟರ್‌ನ ಬ್ರಿಟಿಷ್ ಪಡೆಯೂ ಅವರ ಜೊತೆಗಿದ್ದ ಮೂಲನಿವಾಸಿ ಯೋಧರೂ ಮೇಲೆ ಬಿದ್ದರು. ಅಮೆರಿಕದ ಜನರಲ್ ವಿಂಚೆಸ್ಟರ್ ಸೆರೆಸಿಕ್ಕ. ಬೇಲಿಯ ಹಿಂದೆ ನಿಂತು ಇನ್ನೂ ಕಾದಾಡುತ್ತಿದ್ದ ಕೆಂಟಕಿಯವರೂ ಕೊನೆಗೆ ಬಂದೂಕು ಕೆಳಗಿಟ್ಟರು.

ಈ ಯುದ್ಧದ ಬಗ್ಗೆ ಸಾಮಾನ್ಯವಾಗಿ ಕೊಡುವ ಅಂಕಿಗಳು ಹೀಗಿವೆ. ಅಮೆರಿಕನ್ನರು 934, ಸತ್ತವರು 397, ಸೆರೆಯಾದವರು 547, ತಪ್ಪಿಸಿಕೊಂಡವರು 33. ವೃತ್ತಿ ದೋಷ ಎನ್ನಿ, ಅಲ್ಲೇ ನಿಂತು ಕೂಡಿಸಿದೆವು. 977 ಬಂತು! ಇದ್ದವರಿಗಿಂತ 43 ಹೆಚ್ಚು. ಸೆರೆಯಾದ ಮೇಲೆ ಸತ್ತವರು ಎರಡು ಕಡೆಯೂ ಜಮೆಯಾಗಿರಬೇಕು ಎಂಬುದು ನಮ್ಮ ಊಹೆ. ಯಾರ ದೇಹ ಎಲ್ಲಿ ಬಿತ್ತು ಎಂದು ನೋಡಿ ಬರೆದುಕೊಂಡವರು ಇಲ್ಲದಿದ್ದಾಗ ಲೆಕ್ಕ ತಾಳೆಯಾಗುವುದಾದರೂ ಹೇಗೆ?

ಹಾಗೆ ಸೆರೆಯಾದ ಮೇಲೆ ಸತ್ತವರೂ ಬಹಳ ಮಂದಿ. ಇನ್ನೊಂದು ಅಮೆರಿಕನ್ ಸೇನೆ ಬರುತ್ತಿದೆ ಎಂಬ ಅಂಜಿಕೆಯಿಂದ ಪ್ರಾಕ್ಟರ್ ಅವಸರದಲ್ಲಿ ಹಿಂದಕ್ಕೆ ಹೊರಟ. ನಡೆಯಲಾಗದ ಗಾಯಾಳುಗಳನ್ನು ಫ್ರೆಂಚರ ಮನೆಗಳಲ್ಲಿ ಬಿಟ್ಟು, ನಾಳೆ ಜಾರುಬಂಡಿ ಕಳಿಸುತ್ತೇವೆ ಎಂದು ಹೇಳಿ ಹೋದ. ಬೆಳಿಗ್ಗೆ ಬಂಡಿ ಬರಲಿಲ್ಲ. ಬಂದವರು ಮೂಲನಿವಾಸಿ ಯೋಧರು. ಏಳಲಾಗದವರನ್ನು ಕೊಂದರು, ಮನೆಗಳಿಗೆ ಬೆಂಕಿ ಇಟ್ಟರು, ನಡೆಯಬಲ್ಲವರನ್ನು ಸೆರೆಯೊಯ್ಯುತ್ತ ದಾರಿಯಲ್ಲಿ ಹಿಂದೆ ಬಿದ್ದವರನ್ನೂ ಮುಗಿಸಿದರು. ಆ ದಿನ ಸತ್ತವರ ಲೆಕ್ಕ ಕೆಲವರ ಪ್ರಕಾರ 30, ಕೆಲವರ ಪ್ರಕಾರ 100.

ಮುಂದಿನದನ್ನು ಓದುವುದು ಇನ್ನೂ ಕಷ್ಟ. ಹೆಣಗಳು ಬಿದ್ದಲ್ಲೇ ಉಳಿದವು. ಜನವರಿಯಲ್ಲಿ ಮಿಷಿಗನ್ನಿನ ನೆಲ ಕಲ್ಲಿನಂತಾಗಿರುತ್ತದೆ. ಹಿಮ ಅಷ್ಟು ಆಳಕ್ಕೆ ಇಳಿಯುತ್ತದೆಂದೇ ಇಲ್ಲಿ ಮನೆ ಕಟ್ಟುವವರು ಪಾಯವನ್ನು 42 ಇಂಚು ಕೆಳಗೆ ಹಾಕುತ್ತಾರೆ. ಆದರೆ ಕಾರಣ ಬರೀ ಚಳಿಯಲ್ಲ. ಊರು ಈಗ ಶತ್ರುವಿನ ಕೈಯಲ್ಲಿತ್ತು. ಹೆಣ ಮುಟ್ಟಿದರೆ ತಮಗೂ ಅದೇ ಗತಿ ಎಂದು ಊರಿನವರು ಹೆದರಿದ್ದರು, ಅನೇಕರು ಮನೆ ಬಿಟ್ಟೇ ಓಡಿದರು. ಹಂದಿ, ನಾಯಿಗಳು ಹೆಣ ಎಳೆದಾಡಿದ್ದನ್ನು ಕಂಡವರು ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದಾರೆ. ಡೆಟ್ರಾಯಿಟ್‌ನ ನ್ಯಾಯಾಧೀಶ ಆಗಸ್ಟಸ್ ವುಡ್‌ವರ್ಡ್ ಇಂಥ ಹೇಳಿಕೆಗಳನ್ನು ಸಂಗ್ರಹಿಸಿ ಪ್ರಾಕ್ಟರ್‌ಗೇ ಪತ್ರ ಬರೆದರು. ಶತ್ರುವಿನ ಆಳ್ವಿಕೆಯಲ್ಲಿ ಕುಳಿತು ಹಾಗೆ ಬರೆಯಲು ಎದೆಗಾರಿಕೆ ಬೇಕು.

ಸೆಪ್ಟೆಂಬರ್ ಕೊನೆಯಲ್ಲಿ, ಅಂದರೆ ಎಂಟು ತಿಂಗಳ ಮೇಲೆ, ಕರ್ನಲ್ ರಿಚರ್ಡ್ ಜಾನ್ಸನ್‌ನ ಕೆಂಟಕಿ ಕುದುರೆ ಪಡೆ ಆ ದಾರಿಯಲ್ಲಿ ಬಂತು. ಬಯಲಿನಲ್ಲಿ ಮೈಲಿಗಟ್ಟಲೆ ಮೂಳೆಗಳು ಚೆದುರಿ ಬಿದ್ದಿದ್ದವು. ಬೇಸಿಗೆಯಲ್ಲಿ ಒಮ್ಮೆ ಹೂತಿದ್ದವೂ ಮತ್ತೆ ಹೊರಬಿದ್ದಿದ್ದವು. ಅವರಲ್ಲಿ ಅನೇಕರಿಗೆ ಅವು ಅಣ್ಣತಮ್ಮಂದಿರ, ನೆರೆಮನೆಯವರ ಮೂಳೆಗಳು. ಯಾವುದು ಯಾರದೆಂದು ಹೇಳುವುದು ಸಾಧ್ಯವಿರಲಿಲ್ಲ. ಆಯ್ದು, ಒಟ್ಟುಮಾಡಿ ಮಣ್ಣು ಮಾಡಿದರು.

ನಮ್ಮ ಜೊತೆ ಬಂದಿದ್ದ ಗೆಳೆಯರೊಬ್ಬರು ಆ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಹಾಸನದ ತಾಯಿಗೆ ಇದನ್ನೆಲ್ಲ ಹೇಳಿದರಂತೆ. "ಅಷ್ಟು ತಿಂಗಳು ಒಬ್ಬರೂ ಮಣ್ಣು ಮಾಡಲಿಲ್ವೇನೋ?" "ಇಲ್ಲಮ್ಮ, ಮಾಡೋಕೆ ಬಿಡಲಿಲ್ಲ, ಹೆದರಿದ್ರು." "ಅವರ ತಾಯಂದಿರಿಗೆ ಯಾವಾಗ ಗೊತ್ತಾಯ್ತೋ?" ಗೆಳೆಯರು ಮಾತು ಬದಲಿಸಿದರಂತೆ.

ಇಷ್ಟಕ್ಕೇ ನಿಲ್ಲಿಸಿದರೆ ಒಂದೇ ಕಾಲಂ ಬರೆದು ಪುಸ್ತಕ ಮುಚ್ಚಿದಂತೆ. ಮೂಳೆ ಹೂತು ಮುಂದೆ ಹೋದ ಅದೇ ಜಾನ್ಸನ್‌ನ ಪಡೆ ಅಕ್ಟೋಬರ್ 5ರಂದು ಗಡಿಯಾಚೆ ಕೆನಡಾದ ಥೇಮ್ಸ್ ನದಿಯ ದಡದಲ್ಲಿ ಸೇಡು ತೀರಿಸಿಕೊಂಡಿತು. "ರೇಸಿನ್ ನೆನಪಿರಲಿ" ಎಂಬುದೇ ಅವರ ಯುದ್ಧದ ಕೂಗು. ಮೂಲನಿವಾಸಿಗಳನ್ನು ಒಗ್ಗೂಡಿಸಿದ್ದ ಶಾನಿ ನಾಯಕ ಟೆಕಮ್ಸೆ ಅಲ್ಲಿ ಬಿದ್ದ. ಅವನದೆಂದು ಭಾವಿಸಿದ ಹೆಣದ ಚರ್ಮವನ್ನು ಕೆಲವು ಕೆಂಟಕಿಯವರು ಸುಲಿದು, ಕ್ಷೌರದ ಕತ್ತಿ ಮಸೆಯುವ ಪಟ್ಟಿ ಮಾಡಿಕೊಳ್ಳಲು ಒಯ್ದರು. ಟೆಕಮ್ಸೆಯ ನಿಜವಾದ ದೇಹ ಎಲ್ಲಿದೆ ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ಟೆಕಮ್ಸೆಯನ್ನು ಕೊಂದವನೆಂಬ ಹೆಸರಿನ ಮೇಲೆ ಜಾನ್ಸನ್ ಮುಂದೆ ದೇಶದ ಉಪಾಧ್ಯಕ್ಷನೂ ಆದ. ಒಂದು ವಾರದ ಹಿಂದೆ ಸ್ವಂತದವರ ಮೂಳೆ ಆಯ್ದ ಪಡೆಯ ಜನ ಇನ್ನೊಬ್ಬರ ಹೆಣಕ್ಕೆ ಹೀಗೆ ಮಾಡಿದರು.

ತಲೆಯ ಚರ್ಮ ಸುಲಿಯುವುದು ಮೂಲನಿವಾಸಿಗಳದ್ದೇ ಪದ್ಧತಿ ಎಂದು ಸಿನಿಮಾ ನೋಡಿದವರು ತಿಳಿದಿರುತ್ತಾರೆ. ಅದಕ್ಕೆ ರೊಕ್ಕ ಗೊತ್ತುಮಾಡಿ ಖಜಾನೆಯಿಂದ ಕೊಟ್ಟವರು ಬಿಳಿಯರ ವಸಾಹತು ಸರ್ಕಾರಗಳು. ಹಾಗೆಂದು ನಮ್ಮವರು ಸಾಚಾ ಎಂದೇನಲ್ಲ. 17ನೇ ಶತಮಾನದ ಮೈಸೂರು ಸೈನಿಕರು ಶತ್ರುಗಳ ಮೂಗು ಕೊಯ್ಯುವುದಕ್ಕೆ ಹೆಸರಾಗಿದ್ದರು ಎಂಬುದನ್ನು ವಿದೇಶಿಯರ ಬರಹಗಳಲ್ಲಿ ಓದುತ್ತೇವೆ.

ರೇಸಿನ್ ಒಂದೇ ಅಲ್ಲ, ಈ ಸೀಮೆಯ ಗಡಿನಾಡು ಯುದ್ಧಗಳೆಲ್ಲ ಹೀಗೇ. ಓಹಿಯೊ ರಾಜ್ಯದಲ್ಲಿ ಫೋರ್ಟ್ ರಿಕವರಿ ಎಂಬ ಚಿಕ್ಕ ಊರಿದೆ. 1791ರ ನವೆಂಬರ್ 4ರಂದು ಅಲ್ಲಿ ಜನರಲ್ ಸೇಂಟ್ ಕ್ಲೇರ್‌ನ ಸೈನ್ಯವನ್ನು ಮೂಲನಿವಾಸಿಗಳು ಧೂಳೀಪಟ ಮಾಡಿದರು. 600ಕ್ಕೂ ಹೆಚ್ಚು ಸೈನಿಕರು ಸತ್ತರು. ನಿಮಗೆ ಬೇಕಿದ್ದುದು ನೆಲ ತಾನೇ ಎಂಬಂತೆ ಸತ್ತವರ ಬಾಯಿಗೆ ಮಣ್ಣು ತುರುಕಿದ್ದರಂತೆ. 1793ರ ಡಿಸೆಂಬರ್‌ನಲ್ಲಿ ಜನರಲ್ ವೇಯ್ನ್ ಕಳಿಸಿದ ಪಡೆ ಅಲ್ಲಿ ಬಿಡಾರ ಹೂಡಿದಾಗ, ಹಾಸಿಗೆ ಹಾಸಲು ಮೊದಲು ಮೂಳೆಗಳನ್ನು ಗುಡಿಸಿ ಬದಿಗಿಡಬೇಕಾಯಿತು. ಹೂತ ಮೇಲೂ ಮೂಳೆ ಸಿಗುತ್ತಲೇ ಇದ್ದವು. 1851ರಲ್ಲಿ ಊರಿನವರು ಒಂದು ದಿನ ಗೊತ್ತುಮಾಡಿ, ಮತ್ತೊಮ್ಮೆ ಮೆರವಣಿಗೆಯಲ್ಲಿ ಒಯ್ದು ಸಂಸ್ಕಾರ ಮಾಡಿದರು.

ಷಿಕಾಗೋದಲ್ಲಿ ನಮ್ಮವರು ಸಾವಿರಾರು ಮಂದಿ ಇದ್ದೀರಿ, ದಿನವೂ ಆ ಜಾಗ ದಾಟುತ್ತೀರಿ. ಮಿಷಿಗನ್ ಅವೆನ್ಯೂ ಸೇತುವೆಯ ದಕ್ಷಿಣ ತುದಿಯ ಕಾಲುದಾರಿಯಲ್ಲಿ ಕೂರಿಸಿದ ಲೋಹದ ಪಟ್ಟಿಗಳನ್ನು ನೋಡಿರಬಹುದು. ಅವು ಡಿಯರ್‌ಬಾರ್ನ್ ಕೋಟೆಯ ಗಡಿರೇಖೆ. 1812ರ ಆಗಸ್ಟ್ 15ರಂದು ಆ ಕೋಟೆ ಖಾಲಿ ಮಾಡಿ ಹೊರಟ ಸೈನಿಕರನ್ನೂ ಹೆಂಗಸರು ಮಕ್ಕಳನ್ನೂ ಪೊಟವಾಟಮಿ ಯೋಧರು ಸರೋವರದ ದಡದಲ್ಲಿ ತಡೆದರು. 50ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ 12 ಮಕ್ಕಳು. ಕ್ಯಾಪ್ಟನ್ ವಿಲಿಯಂ ವೆಲ್ಸ್ ಎಂಬವನ ಗುಂಡಿಗೆಯನ್ನು ಶತ್ರುಗಳು ತಿಂದರಂತೆ. ಕೇಳಲು ಭೀಕರ. ಆದರೆ ಅವರ ದೃಷ್ಟಿಯಲ್ಲಿ ಅದು ಅವನ ಶೌರ್ಯ ತಮಗೆ ಬರಲಿ ಎಂಬ ಮರ್ಯಾದೆ. ಚಿಕ್ಕಂದಿನಲ್ಲಿ ಮೂಲನಿವಾಸಿಗಳ ಮನೆಯಲ್ಲೇ ಬೆಳೆದಿದ್ದ ವೆಲ್ಸ್ 1791ರಲ್ಲಿ ಸೇಂಟ್ ಕ್ಲೇರ್ ವಿರುದ್ಧ ಅವರ ಪರವಾಗಿ ಕಾದಿದ್ದ. ಷಿಕಾಗೋದ ಹೆಣಗಳು ನಾಲ್ಕು ವರ್ಷ ಮರಳಿನಲ್ಲೇ ಬಿದ್ದಿದ್ದವು. 1816ರಲ್ಲಿ ಕೋಟೆಯನ್ನು ಮತ್ತೆ ಕಟ್ಟಲು ಬಂದ ಸೈನಿಕರು ಅವನ್ನು ಹೂತರು. 18ನೇ ಬೀದಿಯ ಬಳಿಯ ಆ ಜಾಗದಲ್ಲಿ ಈಗ ದುಬಾರಿ ಮನೆಗಳಿವೆ. ಷಿಕಾಗೋ ನಗರದ ಬಾವುಟದ ನಾಲ್ಕು ನಕ್ಷತ್ರಗಳಲ್ಲಿ ಒಂದು ಈ ಕೋಟೆಯದು.

ಇದನ್ನೆಲ್ಲ ನೋಡುವಾಗ ಊರಿನ ವೀರಗಲ್ಲುಗಳು ನೆನಪಾಗದಿರುವುದಿಲ್ಲ. ಕೆರೆ ಏರಿಯ ಮೇಲೆ, ದೇವಸ್ಥಾನದ ಹಿಂದೆ, ಬಟ್ಟೆ ಒಗೆಯುವ ಕಲ್ಲಾಗಿಯೂ ನಾವು ಕಂಡ ಕಲ್ಲುಗಳವು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿ ಒಯ್ಯುವುದು, ಮೇಲೆ ಕೈಲಾಸ. ದನ ಬಿಡಿಸಲು ಹೋಗಿ ಸತ್ತವನ ಹೆಸರೂ ಸಾವಿರ ವರ್ಷದಿಂದ ಅಲ್ಲಿದೆ. ಸತ್ತವನ ಮನೆಯವರಿಗೆ ಭೂಮಿ ಕೊಡುವ ರೂಢಿಗೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ಲೆಕ್ಕಿಗರ ಭಾಷೆಯಲ್ಲಿ ಕುಟುಂಬ ಪಿಂಚಣಿ. 1812ರ ಯುದ್ಧದಲ್ಲಿ ಸತ್ತ ಅಮೆರಿಕನ್ನರ ವಿಧವೆಯರಿಗೆ ಸಿಕ್ಕಿದ್ದು ಐದು ವರ್ಷ ಅರ್ಧ ಸಂಬಳ. ಸುಮಾರು 949-50ರ ಆತಕೂರು ಶಾಸನವಂತೂ ಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಹಾಕಿಸಿದ ಕಲ್ಲು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು. ನಾಯಿಗೂ ಕಲ್ಲು ಸಿಕ್ಕ ನಾಡಿನವರಿಗೆ, ಮನುಷ್ಯನ ಮೂಳೆಯನ್ನು ನಾಯಿ ಎಳೆದಾಡಿದ ಕಥೆ ಗಂಟಲಲ್ಲಿ ಇಳಿಯುವುದಿಲ್ಲ.

ವ್ಯತ್ಯಾಸ ಎಲ್ಲಿದೆ ಎಂದು ವಾಪಸು ಬರುವಾಗ ಕಾರಿನಲ್ಲಿ ಚರ್ಚೆಯಾಯಿತು. ನಮ್ಮ ಊರ ವೀರ ಸತ್ತದ್ದು ಊರ ಬಾಗಿಲಲ್ಲಿ. ಹೆಂಡತಿ, ಮಕ್ಕಳು, ಊರೊಡೆಯ ಎಲ್ಲರೂ ಅಲ್ಲೇ ಇದ್ದರು. ಕೆಂಟಕಿಯ ಹುಡುಗ ಸತ್ತದ್ದು ಮನೆಯಿಂದ ನೂರಾರು ಮೈಲಿ ದೂರದಲ್ಲಿ, ಪರರ ನೆಲದಲ್ಲಿ. ಮನೆ ಹತ್ತಿರವಿದ್ದವನಿಗೆ, ಇಲ್ಲವೇ ಯುದ್ಧದ ಕೊನೆಯಲ್ಲಿ ಕಣ ಯಾರ ವಶವಾಯಿತೋ ಆ ಕಡೆಯವನಿಗೆ ಮಾತ್ರ ಮಣ್ಣು. ಪಿಯುಸಿಯಲ್ಲೋ ಬಿಕಾಂನಲ್ಲೋ ರನ್ನನ ಗದಾಯುದ್ಧದ ಭಾಗ ಪಾಠವಾಗಿದ್ದವರಿಗೆ ನೆನಪಿರಬಹುದು. ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ತನ್ನವರಿಗಾಗಿ ಅಳುತ್ತಾನೆ, ಶತ್ರುವಿನ ಮಗ ಅಭಿಮನ್ಯುವನ್ನು ಕಂಡಾಗಲೂ ನಿಂತು ಕೈಮುಗಿಯುತ್ತಾನೆ. ಅಂದು ಪರೀಕ್ಷೆಗೆಂದು ಓದಿದ್ದು, ರೇಸಿನ್ ದಡದಲ್ಲಿ ಅರ್ಥವಾಯಿತು.

ಹೂತ ಮೂಳೆಗಳಿಗೂ ನೆಮ್ಮದಿ ಇರಲಿಲ್ಲ. 1818ರಲ್ಲಿ ಅವನ್ನು ತೆಗೆದು ಡೆಟ್ರಾಯಿಟ್‌ಗೆ ತಂದರು. 1834ರಲ್ಲಿ ಡೆಟ್ರಾಯಿಟ್‌ನಲ್ಲೇ ಇನ್ನೊಂದು ಸ್ಮಶಾನಕ್ಕೆ ಹೋದವು, ಆಮೇಲೆ ಪೆಟ್ಟಿಗೆಗಳಲ್ಲಿ ತುಂಬಿ ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್‌ಗೆ ಕಳಿಸಿದರು. ಕೆಂಟಕಿ ಮಾತ್ರ ಅವರನ್ನು ಮರೆಯಲಿಲ್ಲ. ಅಲ್ಲಿನ ಒಂಬತ್ತು ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲೆಯಂಥವಕ್ಕೆ, ರೇಸಿನ್‌ನಲ್ಲಿ ಹೋರಾಡಿದ ಅಧಿಕಾರಿಗಳ ಹೆಸರಿದೆ. ಅಧಿಕಾರಿಗಳಿಗೆ ಜಿಲ್ಲೆ, ಸಿಪಾಯಿಗಳಿಗೆ ಪೆಟ್ಟಿಗೆ. ಮನ್ರೋದಲ್ಲೂ ಮನೆ, ರಸ್ತೆ ಮಾಡಲು ಅಗೆದಾಗ ಸಿಕ್ಕ ಮೂಳೆಗಳಿಗೆ ಒಂದು ಜಾಗವಿದೆ. 1904ರಲ್ಲಿ ಮಿಷಿಗನ್ ಸರ್ಕಾರ ಅಲ್ಲಿ ಕೆಂಟಕಿಯವರ ನೆನಪಿಗೆ ಕಲ್ಲಿನ ಸ್ತಂಭ ನಿಲ್ಲಿಸಿತು. ಮೂಲನಿವಾಸಿಗಳಲ್ಲಿ ಸತ್ತವರೆಷ್ಟು ಎಂಬುದಕ್ಕೆ ಸಂಖ್ಯೆಯೇ ಇಲ್ಲ. ತಮ್ಮವರ ಹೆಣಗಳನ್ನು ಅವರೇ ಹೊತ್ತುಕೊಂಡು ಹೋಗುತ್ತಿದ್ದರು.

ಇದೇ ಮನ್ರೋದಲ್ಲಿ ಇನ್ನೊಂದು ಮನೆಯ ಕಥೆಯಿದೆ. ರಸ್ತೆಯ ಮೂಲೆಯಲ್ಲಿ ಕುದುರೆ ಏರಿದ ಕಂಚಿನ ಪ್ರತಿಮೆ ಇದೆ. ಅದು ಜಾರ್ಜ್ ಆರ್ಮ್‌ಸ್ಟ್ರಾಂಗ್ ಕಸ್ಟರ್. ಹುಟ್ಟಿದ್ದು ಓಹಿಯೊದಲ್ಲಾದರೂ ಅವನು ಬೆಳೆದದ್ದು, ಮದುವೆಯಾದದ್ದು ಈ ಊರಿನಲ್ಲಿ. 1876ರ ಜೂನ್ 25ರಂದು ದೂರದ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ, ಶಯೆನ್ ಜನರ ಮೇಲೆ ಏರಿಹೋಗಿ ತನ್ನ ದಳದ ಸಮೇತ ಸತ್ತ. ಜೊತೆಗೆ ತಮ್ಮ ಟಾಮ್, ಇನ್ನೊಬ್ಬ ತಮ್ಮ ಬಾಸ್ಟನ್, ತಂಗಿಯ ಗಂಡ ಕ್ಯಾಲ್ಹೂನ್, ಅಕ್ಕನ ಮಗ ಆಟಿ ರೀಡ್ ಕೂಡ ಹೋದರು. ಒಂದೇ ಮನೆಯ ಐದು ಜನ! ಆಟಿಗೆ ಹದಿನೆಂಟು ವರ್ಷ. ಬೇಸಿಗೆ ರಜೆಗೆ ಮಾವನ ಜೊತೆ ಹೋಗಿದ್ದ ಹುಡುಗ.

ಉಳಿದ ಸೈನಿಕರು ಅವರನ್ನು ಹೂಳಲು ಬಂದದ್ದು ಜೂನ್ 28ರಂದು. ಬಿಸಿಲಿಗೆ ಹೆಣಗಳು ಊದಿದ್ದವು, ಮೈಮೇಲೆ ಬಟ್ಟೆ ಇರಲಿಲ್ಲ, ಅನೇಕವನ್ನು ಕಡಿದು ವಿರೂಪ ಮಾಡಿದ್ದರು. ಟಾಮ್‌ನನ್ನು ಗುರುತಿಸಿದ್ದು ತೋಳಿನ ಹಚ್ಚೆಯಲ್ಲಿದ್ದ ಹೆಸರಿನ ಅಕ್ಷರಗಳಿಂದ. ಸಲಿಕೆಗಳು ಕೆಲವೇ ಇದ್ದವು, ನೆಲ ಒಣಗಿ ಬಿರುಸಾಗಿತ್ತು. ಹೆಚ್ಚಿನವರ ಮೇಲೆ ಒಂದಿಷ್ಟು ಮಣ್ಣು, ಕುರುಚಲು ಸೊಪ್ಪು ಎಳೆದು ಮುಂದೆ ಹೋದರು. ಮಳೆ, ತೋಳಗಳು ಉಳಿದ ಕೆಲಸ ಮಾಡಿದವು. ಮರುವರ್ಷ ಸೇನೆ ಬಂದು ಅಧಿಕಾರಿಗಳ ಮೂಳೆ ಎತ್ತಿತು. ಕಸ್ಟರ್‌ನದು ವೆಸ್ಟ್ ಪಾಯಿಂಟ್‌ಗೆ ಹೋಯಿತು. ಅದು ಅವನದೇ ಮೂಳೆ ಹೌದೋ ಅಲ್ಲವೋ ಎಂಬ ಅನುಮಾನ ಇನ್ನೂ ಹೋಗಿಲ್ಲ. ಸಿಪಾಯಿಗಳು ಅಲ್ಲೇ ಉಳಿದರು. 1881ರಲ್ಲಿ ಗುಡ್ಡದ ಮೇಲೆ ಒಂದೇ ಗುಂಡಿಯಲ್ಲಿ ಅವರನ್ನು ಸೇರಿಸಿ ಮೇಲೆ ಗ್ರಾನೈಟ್ ಸ್ತಂಭ ನಿಲ್ಲಿಸಿದರು. 1890ರಲ್ಲಿ ಬಿದ್ದ ಜಾಗಗಳಿಗೆ ಬಿಳಿ ಕಲ್ಲು ನೆಟ್ಟರು. ಅಲ್ಲೂ ಲೆಕ್ಕ ತಪ್ಪಿದೆ. ಕಸ್ಟರ್ ಜೊತೆ ಬಿದ್ದವರು ಸುಮಾರು 210, ಕಲ್ಲುಗಳು ಸುಮಾರು 250.

ಲಕೋಟಾ, ಶಯೆನ್ ವೀರರು ಬಿದ್ದಲ್ಲಿ ಕೆಂಪು ಕಲ್ಲು ನೆಡತೊಡಗಿದ್ದು 1999ರಿಂದ ಈಚೆಗೆ. ಅವರ ಸ್ಮಾರಕ ಆಗಿದ್ದು 2003ರಲ್ಲಿ. ನಡುವೆ 1890ರ ಡಿಸೆಂಬರ್ 29ರ ವೂಂಡೆಡ್ ನೀ ಹತ್ಯಾಕಾಂಡ ನಡೆದಿತ್ತು. ಕಸ್ಟರ್‌ನ ಹಳೆಯ ದಳವೇ ಅಲ್ಲಿ ಲಕೋಟಾ ಜನರನ್ನು ಕೊಂದಿತು. ಹಿಮದಲ್ಲಿ ಮರಗಟ್ಟಿದ 146 ಹೆಣಗಳನ್ನು ಒಂದೇ ಕಂದಕಕ್ಕೆ ಹಾಕಿಸಿದರು. ಅವರಲ್ಲಿ 44 ಹೆಂಗಸರು, 18 ಮಕ್ಕಳು. ಗುತ್ತಿಗೆದಾರನಿಗೆ ಕೊಟ್ಟ ದರ ಹೆಣಕ್ಕೆ 2 ಡಾಲರ್. ನಾವು ದಿನವೂ ಎಷ್ಟೋ ಬಿಲ್ ನೋಡುತ್ತೇವೆ, ಇಂಥದೊಂದನ್ನು ಯೋಚಿಸಿರಲಿಲ್ಲ. ಅದೇ ಕಾಲದಲ್ಲಿ ಸೇನೆಯ ವೈದ್ಯರು ಮೂಲನಿವಾಸಿಗಳ ತಲೆಬುರುಡೆಗಳನ್ನು ಅಧ್ಯಯನಕ್ಕೆಂದು ವಾಷಿಂಗ್ಟನ್ನಿಗೆ ಕಳಿಸುತ್ತಿದ್ದರು. ಅಂಥ ಅವಶೇಷಗಳನ್ನು ಆಯಾ ಬುಡಕಟ್ಟಿಗೆ ಮರಳಿಸಬೇಕೆಂಬ ಕಾನೂನು ಬಂದದ್ದು 1990ರಲ್ಲಿ, ನೂರು ವರ್ಷದ ಮೇಲೆ.

ಸೈನಿಕರಿಗೆ ಸರ್ಕಾರಿ ಸ್ಮಶಾನ ಎಂಬ ಕಾನೂನು ಇಲ್ಲಿ ಆದದ್ದು 1862ರಲ್ಲಿ, ಅಂತರ್ಯುದ್ಧದ ನಡುವೆ. ಕೊರಳಿನ ಗುರುತಿನ ಬಿಲ್ಲೆ ಬಂದದ್ದು 1906ರಲ್ಲಿ. ಇಂದು ಸೇನೆ ದಶಕಗಳ ಹಿಂದೆ ಕಾಣೆಯಾದವರ ಮೂಳೆ ಹುಡುಕಿ, ಡಿಎನ್‌ಎ ಪರೀಕ್ಷೆ ಮಾಡಿ ಮನೆಗೆ ತಲುಪಿಸುತ್ತದೆ.

ಸೈನಿಕರಲ್ಲದ ನಮ್ಮಂಥವರಿಗೆ ಕಾಗದಗಳೇ ಬಿಲ್ಲೆ. ಊರಿನಲ್ಲಿ ಓದುತ್ತಿರುವವರಿಗೂ ಇದು ತಿಳಿದಿರಲಿ. ಮಿಷಿಗನ್, ಇಲಿನಾಯ್ ಎರಡೂ ಷಿಕಾಗೋದ ಭಾರತೀಯ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತವೆ. ದೇಹ ಕಳಿಸಲು ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಸಂಸ್ಕರಿಸಿದ ಪತ್ರ, ಸಾಂಕ್ರಾಮಿಕ ರೋಗವಿಲ್ಲವೆಂಬ ಪತ್ರ, ಮೂಲ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟ್ ರದ್ದು ಮಾಡಿ ಆಕ್ಷೇಪಣೆ ಇಲ್ಲವೆಂಬ ಪತ್ರ ಕೊಡುತ್ತಾರೆ. ಅಸ್ಥಿ ಒಯ್ಯುವುದಾದರೆ ದಹನದ ಪ್ರಮಾಣಪತ್ರ. ಹೆಚ್ಚಿನ ಓಡಾಟವನ್ನು ಇಲ್ಲಿನ ಫ್ಯೂನರಲ್ ಹೋಮ್‌ನವರೇ ನೋಡಿಕೊಳ್ಳುತ್ತಾರೆ. ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೇವೆ ಎಂಬುದು ಹೆಂಡತಿಗೋ ಗಂಡನಿಗೋ ಒಬ್ಬ ಸ್ನೇಹಿತನಿಗೋ ಗೊತ್ತಿದ್ದರೆ ಸಾಕು.

ಕೊನೆಗೆ ನಾವು ಹೋದದ್ದು ಮನ್ರೋದ ವುಡ್‌ಲ್ಯಾಂಡ್ ಸ್ಮಶಾನಕ್ಕೆ. ಬಾಸ್ಟನ್ ಕಸ್ಟರ್, ಆಟಿ ರೀಡ್ ಇಬ್ಬರೂ ಸೇನೆಯ ಅಧಿಕಾರಿಗಳಲ್ಲ, ಹಾಗಾಗಿ ಸೇನೆಯ ದೊಡ್ಡ ಸ್ಮಶಾನಗಳಿಗೆ ಸೇರಲಿಲ್ಲ. ಮನೆಯವರು ಅವರ ಮೂಳೆಗಳನ್ನು ಮೊಂಟಾನಾದಿಂದ ತರಿಸಿಕೊಂಡು 1878ರ ಜನವರಿಯಲ್ಲಿ ಇಲ್ಲಿ ಮಣ್ಣು ಮಾಡಿದರು. ಐದು ಜನರಲ್ಲಿ ಮನ್ರೋಗೆ ಮರಳಿದವರು ಇವರಿಬ್ಬರೇ. ಮೂವರು ಗಂಡುಮಕ್ಕಳನ್ನು ಒಂದೇ ದಿನ ಕಳೆದುಕೊಂಡ ತಾಯಿ ಮರಿಯಾ ಮುಂದೆ ಕೆಲವು ವರ್ಷ ಬದುಕಿದ್ದಳು. ಅವಳೂ ಗಂಡ ಇಮ್ಯಾನುಯಲ್‌ನೂ ಅದೇ ಸ್ಮಶಾನದಲ್ಲಿದ್ದಾರೆ.